ಕರೋಡಗಿರಿಯಿಂದ ಬಂದರುಕಟ್ಟೆಗೆ: ತೊಗರಿ ಸೀಮೆಯ ಸುಂಕದ ಕಥೆ

ಶಹಾಬಾದಿಗೆ ಹತ್ತಿರದ ಮರತೂರಿನವರು ವಿಜ್ಞಾನೇಶ್ವರ ತಮ್ಮ ಊರಿನವನೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದವನು ಆತ. ಹಿಂದೂ ಆಸ್ತಿ ಹಂಚಿಕೆಯ ಕಾನೂನಿಗೆ ಆ ಗ್ರಂಥ ದೊಡ್ಡ ಆಧಾರವೆಂದು ವಕೀಲರೆಲ್ಲ ಬಲ್ಲರು. ಅದರಲ್ಲಿ ಪೇಟೆಯ ಲೆಕ್ಕಾಚಾರವೂ ಇದೆಯೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಸರಕಿಗೆ ಬೆಲೆ ಕಟ್ಟಿಕೊಡುವ ರಾಜನಿಗೆ ಅದರ ಇಪ್ಪತ್ತರಲ್ಲೊಂದು ಪಾಲು ಸುಂಕವಾಗಿ ಸಲ್ಲಬೇಕು. ಸರಕಿನ ಅಳತೆಯಲ್ಲಿ ಸುಳ್ಳು ಹೇಳಿದವನು, ಸುಂಕದ ಕಟ್ಟೆ ತಪ್ಪಿಸಿ ಅಡ್ಡದಾರಿ ಹಿಡಿದವನು ಎಂಟು ಪಟ್ಟು ದಂಡ ತೆರಬೇಕು. ಔಷಧಿ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲದಂಥ ಪದಾರ್ಥಗಳಲ್ಲಿ ಕಳಪೆಯದನ್ನು ಬೆರೆಸಿ ಮಾರಿದವನಿಗೆ 16 ಪಣ ದಂಡ. ಸುಂಕದ ಕಾಯಿದೆ ಮತ್ತು ಕಲಬೆರಕೆ ತಡೆಯುವ ಕಾಯಿದೆ, ಎರಡೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ.

ಇದು ಬರೀ ಶಾಸ್ತ್ರದ ಮಾತಾಗಿರಲಿಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಅಷ್ಟು ಜನ ಸೇರುವ ಕಡೆ ದವಸ, ಎಣ್ಣೆ, ಎಲೆ, ಅಡಿಕೆ ಹೊತ್ತ ಎತ್ತುಗಳು ಬರುತ್ತಲೇ ಇದ್ದವು. ಆ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕದ ಬಗೆಗಳೇ ಹಲವು. ವೀಳ್ಯದೆಲೆಯ ಹೇರಿಗೆ ಇಷ್ಟೆಲೆ, ಗಾಣಕ್ಕೆ ಇಷ್ಟೆಣ್ಣೆ ಎಂದು ದೇವಸ್ಥಾನಕ್ಕೆ ಬಿಟ್ಟುಕೊಟ್ಟ ದತ್ತಿಗಳನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಸರಕು ಹಾಯುವ ದಾರಿಯ ಮೇಲೆ ಯಾರ ಕೈ ಇರುತ್ತದೋ ಊರಿನ ಭಾಗ್ಯವೂ ಅವರ ಕೈಯಲ್ಲೇ ಎಂಬುದು ಈ ಸೀಮೆ ಹಿಂದಿನಿಂದಲೂ ಕಂಡುಂಡ ಸಂಗತಿ.

ಏಳು ಶತಮಾನ ಕಳೆದ ಮೇಲೆ ಅದೇ ಇಪ್ಪತ್ತರಲ್ಲೊಂದು ಪಾಲು ಮತ್ತೆ ಬಂದು ನಿಂತಿತು, ಈ ಬಾರಿ ಈಸ್ಟ್ ಇಂಡಿಯಾ ಕಂಪನಿಯ ಕಾಗದದ ಮೇಲೆ. 1802ರ ಏಪ್ರಿಲ್‌ನಲ್ಲಿ ನಿಜಾಮ ಅಲಿ ಖಾನನಿಗೂ ಕಂಪನಿಗೂ ವ್ಯಾಪಾರದ ಒಪ್ಪಂದವಾಯಿತು. ಆಗ ಹೈದರಾಬಾದಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು ಜೇಮ್ಸ್ ಅಚಿಲಿಸ್ ಕಿರ್ಕ್‌ಪ್ಯಾಟ್ರಿಕ್. ಕಂಪನಿಯ ಸೀಮೆಯಿಂದ ನಿಜಾಮ ಸೀಮೆಗೆ ಬರುವ ಸರಕಿಗೆ ನೂರಕ್ಕೆ ಐದು ಸುಂಕ, ಅದಕ್ಕಿಂತ ಹೆಚ್ಚಿಲ್ಲ, ಅದೂ ಒಂದೇ ಸಲ ಎಂದು ಗೊತ್ತುಪಡಿಸಿದರು. ನಡುದಾರಿಯಲ್ಲಿ ಜಾಗೀರುದಾರರು ವಸೂಲು ಮಾಡುತ್ತಿದ್ದ ರಾಹದಾರಿ ಎಂಬ ಹಾದಿಸುಂಕ ಬಂದಾಗಬೇಕು ಎಂದೂ ಬರೆದುಕೊಂಡರು. ಉತ್ತರ ಸರ್ಕಾರ್ ಜಿಲ್ಲೆಗಳು ಕಂಪನಿಯ ಪಾಲಾಗಿ ಕರಾವಳಿಯನ್ನು ಕಳೆದುಕೊಂಡಿದ್ದ ನಿಜಾಮನಿಗೆ ಮಚಲಿಪಟ್ಟಣದ ಬಂದರನ್ನು ಬಳಸುವ ಅನುಮತಿಯೂ ಸಿಕ್ಕಿತು.

ಕಾಗದದ ಮಾತು ದಾರಿಯಲ್ಲಿ ನಡೆಯಲಿಲ್ಲ. ಸುಂಕವನ್ನು ಗುತ್ತಿಗೆಗೆ ಕೊಡುವ ಕಾಲವದು. ಗುತ್ತಿಗೆ ಹಿಡಿದವನು ಕೊಟ್ಟ ಹಣಕ್ಕೆ ಎರಡರಷ್ಟು ಕೀಳುವ ಆತುರದಲ್ಲಿರುತ್ತಿದ್ದ. ಒಂದು ಬಂಡಿ ಜೋಳ ನಾಲ್ಕು ಜಾಗೀರು ದಾಟಬೇಕಾದರೆ ನಾಲ್ಕು ಕಡೆ ಕೈ ಬಿಸಿ ಮಾಡಬೇಕು. 1853ರಲ್ಲಿ ದಿವಾನರಾದ ಸಾಲಾರ್ ಜಂಗ್ ಈ ಗೊಂದಲಕ್ಕೆ ಕೈಹಾಕಿದರು. ಗುತ್ತಿಗೆ ತಪ್ಪಿಸಿ, ಒಳನಾಡಿನ ಹಾದಿಸುಂಕಗಳನ್ನು ತೆಗೆದು, ಗಡಿಯಲ್ಲಿ ಸರಕಾರವೇ ಸುಂಕ ವಸೂಲು ಮಾಡುವ ಏರ್ಪಾಟು ತಂದರು. ಆ ಇಲಾಖೆಯೇ ಕರೋಡಗಿರಿ. 1865ರಲ್ಲಿ ಜಿಲ್ಲಾಬಂದಿ, ಅಂದರೆ ಜಿಲ್ಲೆಗಳ ವಿಂಗಡಣೆ, ಶುರುವಾಗಿ ಮುಂದೆ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯೂ ರೂಪುಗೊಂಡಿತು. ಸಾಲಾರ್ ಜಂಗರ ಸುಧಾರಣೆಗಳ ಬಗ್ಗೆ ಹೈದರಾಬಾದಿನ ಅರಮನೆ ಕಡೆಯಿಂದ ನೋಡಿ ಬರೆದವರೇ ಹೆಚ್ಚು. ಆದರೆ ಗುತ್ತಿಗೆದಾರನ ಕಾಟ ತಪ್ಪಿದ್ದರ ಬೆಲೆ ಗೊತ್ತಾಗಬೇಕಾದರೆ ಬಂಡಿ ಹೊಡೆಯುವ ಚಿಂಚೋಳಿಯ ಒಕ್ಕಲಿಗನ ಕಡೆಯಿಂದ ನೋಡಬೇಕು.

ಈ ಸೀಮೆಯ ವ್ಯಾಪಾರವನ್ನು ನಿಜಕ್ಕೂ ಬದಲಿಸಿದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಮುಂಬಯಿ ಮಾರ್ಗ ಸೊಲ್ಲಾಪುರ, ಗುಲಬರ್ಗಾ, ಶಹಾಬಾದ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗಕ್ಕೆ ಕೂಡಿತು. ಮೂರು ವರ್ಷದ ಮೇಲೆ, 1874ರ ಅಕ್ಟೋಬರಿನಲ್ಲಿ, ನಿಜಾಮನ ಹಣದಲ್ಲಿ ಹಾಕಿದ ವಾಡಿ–ಸಿಕಂದರಾಬಾದ್ ಮಾರ್ಗ ಶುರುವಾಯಿತು. ವಾಡಿ ಬಿಟ್ಟರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಆಮೇಲೆ ತಾಂಡೂರು. ವಾಡಿಯೆಂಬ ಸಣ್ಣ ಹಳ್ಳಿ ಏಕಾಏಕಿ ಮುಂಬಯಿ, ಮದ್ರಾಸು, ಹೈದರಾಬಾದು ಮೂರೂ ದಿಕ್ಕಿನ ಗಾಡಿಗಳು ಕೂಡುವ ಜಂಕ್ಷನ್ ಆಯಿತು. ರೈಲು ಕಾಣದ ಚಿಂಚೋಳಿಯವರು ಮಾತ್ರ ತಮ್ಮ ತೊಗರಿ, ಹೆಸರು, ಉದ್ದನ್ನು ಬಂಡಿಯಲ್ಲಿ ಹೇರಿಕೊಂಡು ನಿಲ್ದಾಣವಿದ್ದ ಊರಿಗೇ ಬರಬೇಕಾಯಿತು. ಇಂದಿಗೂ ಚಿಂಚೋಳಿಗೆ ರೈಲಿಲ್ಲ.

ರೈಲು ಬಂದ ಮೇಲೆ ಗಡಿ ಎಂಬುದು ನೆಲದ ಗೆರೆಯಾಗಿ ಉಳಿಯಲಿಲ್ಲ. ಹಳಿಯ ಅಕ್ಕಪಕ್ಕದ ಜಾಗದ ಮೇಲಿನ ಅಧಿಕಾರವನ್ನು ನಿಜಾಮ ಸರಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. ಹೀಗಾಗಿ ಪ್ಲಾಟ್‌ಫಾರ್ಮಿನ ಮೇಲೆ ಒಂದು ಸರಕಾರದ ಪೊಲೀಸು, ಹೊರಗೆ ಮಾಲುಬಂಡಿ ನಿಲ್ಲುವಲ್ಲಿ ಇನ್ನೊಂದು ಸರಕಾರದ ಪೊಲೀಸು. ಆ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ ಇದೇ ವಾಡಿ–ಸಿಕಂದರಾಬಾದ್ ಮಾರ್ಗದ ಶಂಕರಪಲ್ಲಿ ನಿಲ್ದಾಣದಲ್ಲಿ ಎದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಸಿಮ್ಲಾದ ಮ್ಯಾಜಿಸ್ಟ್ರೇಟ್ ಹೊರಡಿಸಿದ ವಾರಂಟಿನ ಮೇಲೆ ನಿಜಾಮನ ಪ್ರಜೆಯೊಬ್ಬನನ್ನು ಆ ನಿಲ್ದಾಣದಲ್ಲಿ ಬಂಧಿಸಿದ್ದರು. ಬ್ರಿಟಿಷರಿಗಿರುವುದು ರೈಲಿನ ಆಡಳಿತಕ್ಕೆ ಸಂಬಂಧಿಸಿದ ಅಧಿಕಾರ ಮಾತ್ರ, ನೆಲ ನಿಜಾಮನದೇ, ಬಂಧನ ಸಿಂಧುವಲ್ಲ ಎಂದು 1897ರಲ್ಲಿ ತೀರ್ಪು ಬಂತು. ವಾಡಿಯಂಥ ಊರಿನಲ್ಲಿ ನಿಂತ ಸಾಮಾನ್ಯ ವ್ಯಾಪಾರಿಗೆ ತಾನು ಯಾರ ಕಾನೂನಿನಡಿ ನಿಂತಿದ್ದೇನೆಂದು ತಿಳಿಯಲು ಲಂಡನ್ನಿನ ನ್ಯಾಯಾಧೀಶರು ಬೇಕಾದ ಕಾಲವದು.

ಸುಂಕದ ಹೊರೆ ಇಲ್ಲಿನ ಜನಕ್ಕೆ ಹೇಗೆ ಬೀಳುತ್ತಿತ್ತೆಂದು ನೋಡಿ. ಹೊರದೇಶದಿಂದ ಬಂದ ಸರಕು ಮುಂಬಯಿ ಬಂದರಿನಲ್ಲಿ ಬ್ರಿಟಿಷ್ ಸರಕಾರಕ್ಕೆ ಕಡಲ ಸುಂಕ ಕೊಟ್ಟು ದಡ ಹತ್ತುತ್ತಿತ್ತು. ಅದೇ ಪೆಟ್ಟಿಗೆ ಸೇಡಂನ ಅಂಗಡಿಗೆ ಬರುವ ಹೊತ್ತಿಗೆ ಕರೋಡಗಿರಿಯ ನೂರಕ್ಕೆ ಐದೂ ಅದರ ಬೆಲೆಗೆ ಸೇರಿರುತ್ತಿತ್ತು. ಬ್ರಿಟಿಷ್ ಸೀಮೆಯ ಸೊಲ್ಲಾಪುರದವನು ಒಂದು ಸುಂಕ ತೆತ್ತರೆ ಸೇಡಂನವನು ಎರಡು ತೆರುತ್ತಿದ್ದ. ರೊಕ್ಕವೂ ಬೇರೆ. ನಿಜಾಮನ ಉಸ್ಮಾನಿಯಾ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಇಂಗ್ಲಿಷ್ ಸರಕಾರದ ಆರು ರೂಪಾಯಿ. ಸುಂಕ, ವಟಾವು, ಅಡತಿ ಎಲ್ಲ ಕಳೆದು ರೈತನ ಕೈಗೆ ಬರುವುದು ಉಳಿದದ್ದು. ಬಂದರು ಇಲ್ಲದ ಕೊರತೆ ಹೈದರಾಬಾದನ್ನು ಕೊನೆಯವರೆಗೂ ಕಾಡಿತು. ಸಂಸ್ಥಾನ ಮುಳುಗುವ ಹೊತ್ತಿನಲ್ಲೂ ನಿಜಾಮ ಪೋರ್ಚುಗೀಸರಿಂದ ಗೋವಾವನ್ನೇ ಪಡೆಯುವ ಯತ್ನದಲ್ಲಿದ್ದ.

1947ರ ಆಗಸ್ಟ್ 15ರಂದು ಸುತ್ತಲಿನ ನಾಡು ಸ್ವತಂತ್ರವಾಯಿತು, ನಿಜಾಮ ಸೀಮೆ ಹಾಗೇ ಉಳಿಯಿತು. ಸ್ವಾಮಿ ರಮಾನಂದ ತೀರ್ಥರ ಮುಂದಾಳ್ತನದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಚಳವಳಿ ಹೂಡಿದಾಗ ಗಡಿಯ ಕರೋಡಗಿರಿ ನಾಕಾಗಳು ಹೋರಾಟದ ಗುರಿಯಾದವು. ಸುಂಕ ಕೊಡದೆ ಸರಕು ದಾಟಿಸುವುದು ಸತ್ಯಾಗ್ರಹದ ಒಂದು ಬಗೆಯಾಯಿತು. ಗಡಿಯಾಚೆಯ ಊರುಗಳಲ್ಲಿ ಶಿಬಿರ ಹೂಡಿದ ತರುಣರು ನಾಕಾಗಳ ಮೇಲೆ ದಾಳಿ ಮಾಡಿ ದಫ್ತರ ಸುಟ್ಟರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುನ್ನಡೆಸಿದ ಮುಂಡರಗಿ ಶಿಬಿರ ಈ ಹೋರಾಟದಲ್ಲಿ ದೊಡ್ಡ ಹೆಸರು. ಜನರಿಗೆ ನಿಜಾಮನ ರಾಜ್ಯ ಕಣ್ಣಿಗೆ ಕಾಣುತ್ತಿದ್ದದ್ದೇ ಮೂರು ಕಡೆ: ಪೊಲೀಸು ಠಾಣೆ, ಲೆವಿ ಧಾನ್ಯ ಎತ್ತುವ ಅಧಿಕಾರಿ, ಕರೋಡಗಿರಿಯ ನಾಕಾ. ಹಾಗಾಗಿ ನಾಕಾ ಸುಡುವುದೆಂದರೆ ರಾಜ್ಯಕ್ಕೇ ಬೆಂಕಿ ಇಟ್ಟಂತೆ. 1948ರಲ್ಲಿ ಭಾರತ ಸರಕಾರ ಸಂಸ್ಥಾನಕ್ಕೆ ಹೋಗುವ ಸರಕನ್ನೇ ತಡೆಹಿಡಿಯಿತು. ಉಪ್ಪು, ಔಷಧಿಗಳಿಗೂ ತತ್ವಾರ. ನಿಜಾಮ ಸರಕಾರ ಈ ದೂರನ್ನು ವಿಶ್ವಸಂಸ್ಥೆಯವರೆಗೆ ಒಯ್ದಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕು 17ರಂದು ನಿಜಾಮ ಮಣಿದ.

ಸಂಸ್ಥಾನ ಹೋದರೂ ಕರೋಡಗಿರಿ ಅದೇ ದಿನ ಹೋಗಲಿಲ್ಲ. ಹೊಸ ಸಂವಿಧಾನದ 306ನೇ ವಿಧಿ ಹೈದರಾಬಾದಿನಂಥ ರಾಜ್ಯಗಳಿಗೆ ಬೇರೆ ರಾಜ್ಯದ ಸರಕಿನ ಮೇಲೆ ಸುಂಕ ಹಾಕಲು ಒಪ್ಪಂದದ ಮೇಲೆ ಕೆಲಕಾಲ ಅವಕಾಶ ಕೊಟ್ಟಿತು, ಹೆಚ್ಚೆಂದರೆ ಹತ್ತು ವರ್ಷ. ಆ ಆದಾಯವನ್ನು ಒಮ್ಮೆಲೇ ಕೈಬಿಟ್ಟರೆ ಬೊಕ್ಕಸ ಬರಿದಾಗುತ್ತಿತ್ತು. ಸ್ವತಂತ್ರ ದೇಶದೊಳಗೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸುಂಕ ತೆರುವ ಈ ವಿಚಿತ್ರ ವ್ಯವಸ್ಥೆ ಹಂತಹಂತವಾಗಿ ಕರಗಿತು. 1956ರ ಏಳನೇ ತಿದ್ದುಪಡಿಯಲ್ಲಿ ಆ ವಿಧಿಯನ್ನೇ ತೆಗೆದರು. ಅದೇ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಒಂದೇ ಸೀಮೆಯಲ್ಲಿದ್ದ ಸೇಡಂ ಮತ್ತು ತಾಂಡೂರಿನ ನಡುವೆ ರಾಜ್ಯದ ಗಡಿ ಎದ್ದಿತು. ಎರಡೂ ಕಡೆ ಅದೇ ಮಣ್ಣು, ಅದೇ ತೊಗರಿ. ಈಗ ಗುಲಬರ್ಗಾ ತೊಗರಿಬೇಳೆಗೆ ಒಂದು ಭೌಗೋಳಿಕ ಗುರುತು (2019), ತಾಂಡೂರು ತೊಗರಿಗೆ ಇನ್ನೊಂದು (2022).

ಒಳನಾಡಿನ ಸುಂಕ ಅಳಿಯುತ್ತಿದ್ದ ಆ ವರ್ಷಗಳಲ್ಲೇ ಇನ್ನೊಂದು ಬಗೆಯ ಕಾವಲು ಹುಟ್ಟಿತು. ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಬಂತು, 1955ರ ಜೂನ್ 1ರಿಂದ ಜಾರಿಯಾಯಿತು. ತೊಗರಿ ಸೀಮೆಗೆ ಅದು ದೂರದ ಮಾತಾಗಿರಲಿಲ್ಲ, ಏಕೆಂದರೆ ಈ ದೇಶದಲ್ಲಿ ಕಲಬೆರಕೆಗೆ ಸಿಕ್ಕಿಬಿದ್ದ ಬೇಳೆಗಳಲ್ಲಿ ತೊಗರಿಯೂ ಒಂದು. ಅಗ್ಗದ ಕೇಸರಿ ಬೇಳೆಯನ್ನು ಇದರಲ್ಲಿ ಬೆರೆಸುತ್ತಿದ್ದರು. ಅಂಗೈ ಮೇಲೆ ಹರವಿ ನೋಡಿದರೆ ತೊಗರಿ ಬೇಳೆ ದುಂಡಗೆ, ಮೈ ಉಬ್ಬಿರುತ್ತದೆ. ಕೇಸರಿ ಬೇಳೆ ಒಂದು ಬದಿ ಓರೆಯಾಗಿ ಕೊಯ್ದಂತೆ, ಮೂಲೆ ಮೂಲೆಯಾಗಿರುತ್ತದೆ. ಬರಗಾಲದಲ್ಲಿ ಅದನ್ನೇ ತಿಂಗಳುಗಟ್ಟಲೆ ಉಂಡವರಿಗೆ ಕಾಲಿನ ಸ್ವಾಧೀನ ತಪ್ಪುತ್ತಿತ್ತು. 1961ರಲ್ಲಿ ಅದರ ಮಾರಾಟವನ್ನು ನಿಷೇಧಿಸುವ ನಿಯಮ ಬಂತು. ಇನ್ನೊಂದು ಮೋಸ ಮೆಟಾನಿಲ್ ಹಳದಿ ಎಂಬ ಬಟ್ಟೆಯ ಬಣ್ಣ. ಹಳೆಯ, ಮಂಕಾದ ಬೇಳೆಗೆ ಹೊಳಪು ಕೊಡಲು ಅದನ್ನು ಹಚ್ಚುತ್ತಾರೆ. ಬೇಳೆ ನೆನೆಸಿದ ನೀರಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮೋಸ ಬಯಲಾಗುತ್ತದೆ. ಯಾರೋ ಬಣ್ಣ ಬಳಿದ ಪಾಪಕ್ಕೆ ಗಿರಾಕಿ ತೊಗರಿಯನ್ನೇ ಅನುಮಾನದಿಂದ ನೋಡುವಂತಾದದ್ದು ಬೆಳೆದವನಿಗೆ ಆದ ಅನ್ಯಾಯ.

ಈಗ ಸುಂಕದ ಕಟ್ಟೆ ಕಡಲ ದಂಡೆಗೆ ಹೋಗಿದೆ. ಮುಂಬಯಿ ಪಕ್ಕದ ನ್ಹಾವಾ ಶೇವಾ, ಚೆನ್ನೈ, ಗುಜರಾತಿನ ಬಂದರುಗಳಲ್ಲಿ ಹೊರದೇಶದ ತೊಗರಿ ಇಳಿಯುತ್ತದೆ. ಅಡತಿ ಅಂಗಡಿಯಲ್ಲಿ ಇವುಗಳಿಗೆ ಬೇರೆ ಬೇರೆ ಹೆಸರು. ಬರ್ಮಾದ್ದು ಲೆಮನ್, ತಾಂಜಾನಿಯಾದ್ದು ಅರುಷಾ, ಮೊಜಾಂಬಿಕ್ ಕಡೆಯದು ಗಜರಿ. ಹಡಗು ಬಂದ ಕೂಡಲೇ ಮಾಲು ಹೊರಬೀಳುವುದಿಲ್ಲ. ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ಹೊರದೇಶದ ಸಸ್ಯರೋಗ ಅಧಿಕಾರಿ ಕೊಟ್ಟ ಪ್ರಮಾಣಪತ್ರ, ಹುಳು ಕೊಲ್ಲಲು ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದರ ದಾಖಲೆ ಇರಬೇಕು. ಇದೆಲ್ಲ 2003ರ ಸಸ್ಯ ಸಂಗರೋಧ ಆದೇಶದ ಕಟ್ಟಳೆ. ಆ ಆದೇಶದ ಬೇರು 1914ರ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯಿದೆಯಲ್ಲಿದೆ. ಅದಾದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದವರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. 2006ರ ಆಹಾರ ಸುರಕ್ಷತಾ ಕಾಯಿದೆಯ ಅಡಿ 2017ರಲ್ಲಿ ಆಮದಿಗೆಂದೇ ಪ್ರತ್ಯೇಕ ನಿಯಮಾವಳಿ ಬಂದಿದೆ.

ಆ ಪರೀಕ್ಷೆಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಕಾಳಿನೊಳಗೆ ಹುಳು ಕೊರೆದು ಬೆಳೆದು ಹೊರಬಿದ್ದರೆ ಕಾಳಿನ ಮೇಲೆ ಸಣ್ಣ ತೂತು ಕಾಣುತ್ತದೆ. ಅಂಥ ಕಾಳನ್ನು ಗಿರಣಿಗೆ ಹಾಕಿ, ಸಿಪ್ಪೆ ತೆಗೆದು, ಒಡೆದು, ಜರಡಿ ಹಿಡಿದು, ಪಾಲಿಶ್ ಮಾಡಿದರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಹುಳುವಿನ ಮಲದಲ್ಲಿರುವ ಯೂರಿಕ್ ಆಮ್ಲ ಮಾತ್ರ ಬೇಳೆಯಲ್ಲಿ ಉಳಿದಿರುತ್ತದೆ. ಕಿಲೋಗೆ 100 ಮಿಲಿಗ್ರಾಂ ಮೀರಿದರೆ ಆ ಬೇಳೆ ತಿನ್ನಲು ತಕ್ಕದ್ದಲ್ಲ. ಎಷ್ಟೇ ಪಾಲಿಶ್ ಮಾಡಿದರೂ ಈ ಲೆಕ್ಕವನ್ನು ಮರೆಮಾಡಲಾಗದು. ನನಗೆ ಇದು ಬಹಳ ನ್ಯಾಯವಾದ ಪರೀಕ್ಷೆ ಎನಿಸುತ್ತದೆ. ಹೊಗೆ ಹಾಕುವ ನಿಯಮಕ್ಕೆ ಆ ಗಟ್ಟಿತನ ಇರಲಿಲ್ಲ. ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಹಲವು ದೇಶಗಳು ಅದನ್ನು ಬಿಟ್ಟಿದ್ದವು. ಬೇಳೆಕಾಳಿನ ಅಗತ್ಯವಿದ್ದಾಗಲೆಲ್ಲ ನಮ್ಮ ಸರಕಾರ ವರ್ಷವರ್ಷವೂ ವಿನಾಯಿತಿ ಕೊಟ್ಟು, ಇಲ್ಲಿಗೆ ಬಂದ ಮೇಲೆ ಹೊಗೆ ಹಾಕಿದರೆ ಸಾಕೆಂದಿತು. ಬೇಕಾದಾಗ ಸಡಿಲ, ಬೇಡವಾದಾಗ ಬಿಗಿ ಎಂಬಂತೆ ನಡೆಯುವ ನಿಯಮವನ್ನು ಆಹಾರ ಸುರಕ್ಷತೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಹಣ್ಣಿನ ವಿಷಯದಲ್ಲಿ ಸಸ್ಯ ಸಂಗರೋಧದ ಇದೇ ಇಲಾಖೆ ಗಟ್ಟಿಯಾಗಿ ನಿಂತದ್ದುಂಟು. 2021ರ ಡಿಸೆಂಬರಿನಲ್ಲಿ ಇರಾನಿನ ಕೀವಿ ಹಣ್ಣಿನಲ್ಲಿ ಕೀಟ ಮತ್ತೆ ಮತ್ತೆ ಸಿಕ್ಕಿದ್ದಕ್ಕೆ ಅದರ ಆಮದನ್ನೇ ನಿಲ್ಲಿಸಿತು.

2015ರಿಂದ 2017ರವರೆಗಿನ ಎರಡು ವರ್ಷ ಈ ಸೀಮೆಗೆ ಮರೆಯಲಾಗದ ಕಾಲ. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಗೋದಾಮುಗಳ ಮೇಲೆ ದಾಳಿಯಾಯಿತು, ದಾಸ್ತಾನಿಗೆ ಮಿತಿ ಬಂತು. 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ದೇಶದೊಡನೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್ ಬೇಳೆಕಾಳು, ಕೊನೆಯ ವರ್ಷ 2 ಲಕ್ಷ ಟನ್. ಅತ್ತ ದರದ ಆಸೆಗೆ ನಮ್ಮ ರೈತರು ಎಲ್ಲೆಲ್ಲೂ ತೊಗರಿ ಬಿತ್ತಿದರು. ಮಳೆಯೂ ಕೈಹಿಡಿಯಿತು. ಹಿಂದಿನ ವರ್ಷ ಸುಮಾರು 26 ಲಕ್ಷ ಟನ್ನಿದ್ದ ದೇಶದ ಉತ್ಪಾದನೆ 2016–17ರಲ್ಲಿ 48 ಲಕ್ಷ ಟನ್ ದಾಟಿತು. ರಾಶಿ ಮಾಡಿ ಪೇಟೆಗೆ ತರುವ ಹೊತ್ತಿಗೆ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೆ ಸವಾಲಿನಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು. ಬಂದರಿನಲ್ಲಿ ಮಾತ್ರ ಹೊರದೇಶದ ತೊಗರಿ ಸುಂಕವಿಲ್ಲದೆ ಇಳಿಯುತ್ತಿತ್ತು. ನೂರಕ್ಕೆ ಹತ್ತರ ಆಮದು ಸುಂಕ ಬಂದದ್ದು 2017ರ ಮಾರ್ಚ್ ಕೊನೆಯಲ್ಲಿ, ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಬಂದದ್ದು ಆಗಸ್ಟ್ 5ರಂದು. ಅಷ್ಟರಲ್ಲಿ ಸಾಲಕ್ಕೆ ಹೆದರಿ ಸಿಕ್ಕ ದರಕ್ಕೆ ಮಾರಬೇಕಾದವರು ಮಾರಿ ಮುಗಿಸಿದ್ದರು.

ಆ ಆಗಸ್ಟ್ ಆದೇಶ ಆಫ್ರಿಕದ ರೈತನನ್ನೂ ಮುಳುಗಿಸಿತು. ಮೊಜಾಂಬಿಕ್, ಮಲಾವಿಯ ಸಣ್ಣ ಹಿಡುವಳಿದಾರರು ಭಾರತವನ್ನೇ ನಂಬಿ ತೊಗರಿ ಬೆಳೆದಿದ್ದರು. ತೊಗರಿ ಅವರ ಅಡುಗೆಗಿಂತ ಹೆಚ್ಚಾಗಿ ನಮ್ಮ ಪೇಟೆಗೆ ಬೆಳೆದ ಬೆಳೆ. ಮಿತಿ ಹಾಕಿದ ಸುದ್ದಿ ತಲುಪಿದ ಕೂಡಲೇ ಅಲ್ಲಿ ದರ ನೆಲಕಚ್ಚಿತು. ಚಿತ್ತಾಪುರದ ರೈತ, ಮೊಜಾಂಬಿಕ್‌ನ ರೈತ ಇಬ್ಬರೂ ಒಂದೇ ವರ್ಷ ಒಂದೇ ಬೆಳೆಯಲ್ಲಿ ನಷ್ಟ ಉಂಡರು. ಬಾಗಿಲು ತೆರೆದದ್ದೂ ತಡವಾಗಿ, ಮುಚ್ಚಿದ್ದೂ ತಡವಾಗಿ. ಬಿತ್ತುವ ಮೊದಲೇ, ಮೃಗಶಿರಾ ಮಳೆಯ ಹೊತ್ತಿಗೇ, ಆ ವರ್ಷದ ಆಮದು ನೀತಿ ಗೊತ್ತಾಗಬೇಕು ಎಂದು ರೈತರು ಕೇಳುವುದು ಭಿಕ್ಷೆಯಲ್ಲ. ಸಾಲಾರ್ ಜಂಗರ ಕಾಲದ ನೂರಕ್ಕೆ ಐದು ಹೊರೆಯಾಗಿದ್ದಿರಬಹುದು, ಆದರೆ ಅದು ಎಷ್ಟೆಂದು ಬಂಡಿ ಕಟ್ಟುವ ಮೊದಲೇ ಎಲ್ಲರಿಗೂ ಗೊತ್ತಿತ್ತು.

2021ರ ಮೇ 15ರಿಂದ ತೊಗರಿ ಆಮದು ಮತ್ತೆ ಮುಕ್ತವಾಯಿತು. ಬರ್ಮಾದಿಂದ ವರ್ಷಕ್ಕೆ 1 ಲಕ್ಷ ಟನ್, ಮಲಾವಿಯಿಂದ 50,000 ಟನ್ ತರಿಸುವ ಒಪ್ಪಂದಗಳೂ ಆದವು. ನೆಟೆ ರೋಗ ಮತ್ತು ಮಳೆಯ ಕೊರತೆಯಿಂದ ಇಲ್ಲಿನ ಬೆಳೆ ಸೊರಗಿದ ವರ್ಷಗಳಲ್ಲಿ ಆಮದನ್ನು ಯಾರೂ ತಪ್ಪೆನ್ನಲಾರರು. ಪಟ್ಟಣದ ಬಡವನ ಸಾರಿಗೂ ಬೇಳೆ ಬೇಕು, ಕಲಬುರಗಿಯ ದಾಲ್ ಮಿಲ್ಲಿನ ಹಮಾಲನಿಗೂ ವರ್ಷಪೂರ್ತಿ ಕೆಲಸ ಬೇಕು. ಆದರೆ ಮುಕ್ತ ಆಮದಿನ ಗಡುವು ಪ್ರತಿ ಸಲವೂ ಮುಂದಕ್ಕೆ ಹೋಗುತ್ತಲೇ ಬಂತು. 2025ರ ಜನವರಿಯಲ್ಲಿ, ಹೊಲಗಳಲ್ಲಿ ತೊಗರಿ ರಾಶಿ ನಡೆದಿದ್ದಾಗಲೇ, ಕೇಂದ್ರ ಸರಕಾರ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಅದೇ ಹಂಗಾಮಿನಲ್ಲಿ ಕರ್ನಾಟಕ ಸರಕಾರ ಕ್ವಿಂಟಲ್‌ಗೆ 7,550 ರೂಪಾಯಿಯ ಬೆಂಬಲ ಬೆಲೆಯ ಮೇಲೆ ತನ್ನ ಬೊಕ್ಕಸದಿಂದ 450 ರೂಪಾಯಿ ಸೇರಿಸಿ ಖರೀದಿ ಕೇಂದ್ರಗಳನ್ನು ತೆರೆಯಿತು. ಬಂದರಿನಲ್ಲಿ ಬಿಟ್ಟುಕೊಟ್ಟ ಸುಂಕದ ಪೆಟ್ಟನ್ನು ರಾಜ್ಯವು 450 ರೂಪಾಯಿಯಲ್ಲಿ ತುಂಬಿಕೊಡಲು ಹೊರಟಂತಾಯಿತು. ಖರೀದಿ ಕೇಂದ್ರಕ್ಕೆ ಒಯ್ಯದೆ ಅಡತಿಗೇ ಮಾರಿದವರಿಗೆ ಆ 450 ರೂಪಾಯಿಯೂ ಸಿಗಲಿಲ್ಲ.